ಮಾಗಡಿ ಕೆರೆ ದಾಟದ ಲ್ಯಾಪ್‌ಟಾಪ್

ಗೇಮಿನ ರಸ್ತೆಯಲ್ಲಿ ಎಡಕ್ಕೊಂದು ಕೆರೆ ಬರುತ್ತಿತ್ತು. ಯಾವ ದೇಶದ ಕೆರೆಯೋ ಏನೋ, ದಂಡೆಯ ಮೇಲೆ ನಮ್ಮ ಕಡೆ ಎಲ್ಲೂ ಕಾಣದ ಚೂಪು ತುದಿಯ ಗಿಡಗಳು, ಆಚೆಗೆ ಕೆಂಪು ಹೆಂಚಿನ ಮನೆಗಳು. ಬಸ್ಸು ಆ ಕೆರೆಯ ಹತ್ತಿರ ಬಂದಾಗ ಲ್ಯಾಪ್‌ಟಾಪಿನೊಳಗಿನ ಫ್ಯಾನು ಕಿರುಚಲು ಶುರು ಮಾಡುತ್ತಿತ್ತು. ಪರದೆಯ ಮೇಲಿನ ರಸ್ತೆ ನಿಂತು ನಿಂತು ಓಡುತ್ತಿತ್ತು. ಆಮೇಲೆ ಎಲ್ಲವೂ ಕಪ್ಪಾಗಿ ಆರಿಹೋಗುತ್ತಿತ್ತು. ಅಪ್ಪ ಬಲಗೈಯನ್ನು ಕೀಬೋರ್ಡಿನ ಮೇಲಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಮಾಗಡಿ ಬಂತು," ಎನ್ನುತ್ತಿದ್ದ.

ಖರೆ ಮಾಗಡಿ ಕೆರೆ ಇರುವುದು ಗದಗಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೋಗುವ ದಾರಿಯಲ್ಲಿ. ಆ ದಾರಿಯಲ್ಲಿ ಅಪ್ಪ ಸರ್ಕಾರಿ ಬಸ್ಸು ಓಡಿಸಿದ್ದು ಮೂವತ್ತು ವರ್ಷದ ಮೇಲೆ. ನಡುವೆ ಕೆಲವು ವರ್ಷ ಡೋಣಿ ಕಡೆಯಿಂದ ಮುಂಡರಗಿಗೂ ಓಡಿಸಿದ್ದುಂಟು. ಆದರೆ ಅವನ ಜೀವ ಇದ್ದದ್ದು ಲಕ್ಷ್ಮೇಶ್ವರದ ಗಾಡಿಯ ಮೇಲೆ. ಗದಗ ಜಿಲ್ಲೆಯಾದ ಹೊಸದರಲ್ಲಿ, ಧಾರವಾಡದ ತನಕ ಹೋಗುವುದು ತಪ್ಪಿತು ಎಂದು ಖುಷಿಪಟ್ಟ ಮಂದಿ ಕಾಗದಪತ್ರ ಬಗಲಲ್ಲಿಟ್ಟುಕೊಂಡು ಬೆಳಿಗ್ಗೆ ಅವನ ಬಸ್ಸಿಗೇ ಕಾಯುತ್ತಿದ್ದರಂತೆ. ಜಿಲ್ಲೆಯನ್ನು ತಾನೇ ಓಡಿಸುತ್ತಿದ್ದೇನೆ ಎನ್ನುವ ಹಾಗೆ ಅದನ್ನು ಹೇಳುತ್ತಿದ್ದ.

ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಗದಗ ಬಿಟ್ಟ ಬಸ್ಸು ಮಾಗಡಿ ಕೆರೆಯ ಹತ್ತಿರ ಬಂದಾಗ ಅವನ ಎಡಗೈ ಗೇರಿನ ಮೇಲೆ ಇದ್ದದ್ದು ಇದ್ದ ಹಾಗೆಯೇ ಸತ್ತುಹೋಯಿತು. ಆ ಸ್ಥಿತಿಯಲ್ಲೂ ಗಾಡಿಯನ್ನು ಎಡಕ್ಕೆ ತೆಗೆದುಕೊಂಡು, ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಸ್ಟೇರಿಂಗಿನ ಮೇಲೆ ತಲೆಯಿಟ್ಟನಂತೆ. ಒಬ್ಬರಿಗೂ ಒಂದು ತರಚುಗಾಯ ಆಗಲಿಲ್ಲ. ಕಂಡಕ್ಟರು ಮಂದಿಯನ್ನೆಲ್ಲ ಹಿಂದಿನ ಬಸ್ಸಿಗೆ ಹತ್ತಿಸಿ ಕಳಿಸಿದರು. ಎಲ್ಲರೂ ಬಂದು, ಅಷ್ಟು ಜೀವ ಉಳಿಸಿದಿರಿ ಎಂದು ಹೊಗಳಿ ಹೋದರು. ಅಪ್ಪನಿಗೆ ಆ ಮಾತು ಒಂದೂ ಹತ್ತಲಿಲ್ಲ. ದವಾಖಾನೆಯಲ್ಲಿ ಮಾತು ತಿರುಗಿ ಬಂದ ದಿನ ಅವನು ಮೊದಲು ಹೇಳಿದ್ದು, "ಟ್ರಿಪ್ ಅರ್ಧಕ್ಕ ಬಿಟ್ಟೆ," ಎಂದು. ಅಲ್ಲಿಂದ ಮುಂದೆ ಹೆಚ್ಚಾಗಿ ಮಾತೇ ಆಡಲಿಲ್ಲ.

ಇನ್ನು ನಾನು. ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಬೆಳಿಗ್ಗೆ ಬೆಟಗೇರಿಯ ಮನೆಯಿಂದ ಗದಗಿನ ಸ್ಟುಡಿಯೋಕ್ಕೆ ಹೋಗಿ, ಮಧ್ಯಾಹ್ನ ತಿರುಗಿ ಬಂದು, ಉಳಿದದ್ದನ್ನು ಮನೆಯಲ್ಲೇ ಮಾಡುತ್ತೇನೆ. ಅಂಥ ಕೆಲಸಕ್ಕೆ ಸಾದಾ ಲ್ಯಾಪ್‌ಟಾಪ್ ಸಾಲದು, ಒಳಗೆ ಚಿತ್ರ ಮೂಡಿಸಲೆಂದೇ ಬೇರೆಯ ಒಂದು ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಎಂದು ಯಾರೋ ಹೇಳಿದ್ದರಿಂದ, ಕಾಲೇಜು ಮುಗಿಸಿದ ಒಬ್ಬನಿಂದ ಬಳಸಿದ್ದನ್ನೇ ಕೊಂಡಿದ್ದೆ. ಕೀಬೋರ್ಡಿನ ಕೆಳಗೆ ಕೆಂಪು, ಹಸಿರು, ನೀಲಿ ದೀಪ ಹತ್ತುತ್ತಿತ್ತು. ಅವ್ವ ಅದನ್ನು ನೋಡಿ, "ಗಣಪ್ಪನ ಮುಂದ ಇಡಾಕ ಚಲೋ ಐತಿ," ಅಂದಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ತಕರಾರು. ಅವರು ಹೇಳುವುದು ಸುಳ್ಳೇನಲ್ಲ.

ಆ ಲ್ಯಾಪ್‌ಟಾಪಿನಲ್ಲಿ ಹಿಂದಿನ ಮಾಲೀಕ ಒಂದು ಬಸ್ಸಿನ ಗೇಮನ್ನು ಹಾಗೇ ಬಿಟ್ಟಿದ್ದ. ಅಳಿಸಿಹಾಕುವ ಮೊದಲು ಏನಿದೆ ನೋಡೋಣವೆಂದು ತೆರೆದೆ. ಪರದೆಯ ತುಂಬ ಸ್ಟೇರಿಂಗು, ಮುಂದೆ ದೊಡ್ಡ ಗಾಜು, ಗಾಜಿನಾಚೆ ರಸ್ತೆ. ಮುಚ್ಚಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ, "ತಡಿ," ಅಂದ ಧ್ವನಿ ಕೇಳಿತು. ಎಷ್ಟೋ ದಿನದಿಂದ ನೀರು ಬೇಕೆಂದರೂ ಬಾಯಿ ಬಿಡದೆ ಕೈ ತೋರಿಸುತ್ತಿದ್ದ ಅಪ್ಪ ಗೋಡೆ ಹಿಡಿದುಕೊಂಡು ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದ.

"ಇದರ ಗೇರ್ ಎಲ್ಲೈತಿ?" ಎಂದು ಕೇಳಿದ.

ಅವತ್ತಿನಿಂದ ದಿನಾ ಸಂಜೆ ನಾಲ್ಕರ ಚಹಾ ಆದ ಮೇಲೆ ಒಂದು ಟ್ರಿಪ್. ಬಲಗೈಯಲ್ಲಿ ಸ್ಟೇರಿಂಗು. ಎಡಗೈಯ ಬೆರಳಿಗೆ ಗೇರು, ಹಾರ್ನು, ಬಾಗಿಲು ತೆಗೆದು ಹಾಕುವ ಕೀ ಬರುವ ಹಾಗೆ ನಾನು ಹೊಂದಿಸಿಕೊಟ್ಟಿದ್ದೆ. ಕೈಕಾಲಿಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಬಾಯಾರು ತಿಂಗಳುಗಟ್ಟಲೆ ರಬ್ಬರ್ ಚೆಂಡು ಹಿಚುಕಿಸಲು ಹೆಣಗಿ ಸೋತಿದ್ದರು. ಹಾರ್ನು ಹೊಡೆಯಲಿಕ್ಕಾಗಿ ಅಪ್ಪನ ಎಡಗೈ ಕಿರುಬೆರಳು ತಾನಾಗಿಯೇ ಏಳುವುದನ್ನು ನೋಡಿ ಅವರು, "ಇದನ್ನ ಬಿಡಿಸಬ್ಯಾಡ್ರಿ," ಎಂದು ಹೇಳಿ ಹೋದರು.

ಅಪ್ಪನಿಗೆ ಆ ದೇಶ ಯಾವುದು ಎಂಬ ಗೊಡವೆಯೇ ಇರಲಿಲ್ಲ. ಮೊದಲನೆಯ ಸ್ಟ್ಯಾಂಡು ಗದಗ. ಕೊನೆಯ ಸ್ಟ್ಯಾಂಡು ಲಕ್ಷ್ಮೇಶ್ವರ. ನಡುವೆ, ಗೇಮಿನ ನಕ್ಷೆಯಲ್ಲಿ ಗಡಿಯಾರದ ಗೋಪುರವಿದ್ದ ಊರು ಶಿರಹಟ್ಟಿ. ಒಂದು ಒಂಟಿ ನಿಲ್ದಾಣದಲ್ಲಿ ಯಾರೂ ಇರದಿದ್ದರೂ ಒಂದು ನಿಮಿಷ ನಿಲ್ಲಿಸುತ್ತಿದ್ದ. ಯಾಕೆ ಎಂದರೆ, "ಇಲ್ಲೆ ಹಾಲಿನ ಕ್ಯಾನ್ ಏರಸ್ತಾರ," ಎನ್ನುತ್ತಿದ್ದ. ಅಡ್ಡ ಬಂದ ಕಾರಿನವರಿಗೆ ಅಚ್ಚ ಗದಗಿನ ಭಾಷೆಯಲ್ಲಿ ಬೈಯುತ್ತಿದ್ದ. ಬೈಗುಳ ತಿರುಗಿ ಬಂತಲ್ಲ ಎಂದು ಅವ್ವ ಒಳಗೆ ರೊಟ್ಟಿ ಬಡಿಯುತ್ತ ನಗುತ್ತಿದ್ದಳು.

ಆದರೆ ಕೆರೆ ಬಂತೆಂದರೆ ಯಂತ್ರ ಆರಿಹೋಗುತ್ತಿತ್ತು. ಒಂದು ದಿನವೂ ಬಸ್ಸು ಅದನ್ನು ದಾಟಲಿಲ್ಲ. ಮೊದಲು ಆ ಕೆರೆ ಮಾಗಡಿಯ ಹಾಗೆ ಕಾಣುವುದರಿಂದ ಆ ಹೆಸರು ಇಟ್ಟಿದ್ದಾನೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು. ಅದಕ್ಕಿಂತ ಮೊದಲು ಇನ್ನೂ ಎರಡು ಕೆರೆಗಳು ಬರುತ್ತಿದ್ದವು, ಅವಕ್ಕೆ ಅವನು ಹೆಸರೇ ಇಟ್ಟಿರಲಿಲ್ಲ. ಗಾಡಿ ನಿಂತದ್ದು ಎಲ್ಲೋ ಅದೇ ಅವನಿಗೆ ಮಾಗಡಿ. ಆರಿದ ಪರದೆಯ ಮುಂದೆ ಅವನು ಕೂತಿರುತ್ತಿದ್ದ ರೀತಿ ನನ್ನಿಂದ ನೋಡಲಾಗುತ್ತಿರಲಿಲ್ಲ. ಎರಡನೇ ಸಲವೂ ಅಪ್ಪನ ಟ್ರಿಪ್ಪನ್ನು ಅರ್ಧಕ್ಕೆ ಬಿಡಿಸುತ್ತಿರುವುದು ನನ್ನ ಯಂತ್ರ ಎಂದು ನನಗೆ ನಾಚಿಕೆಯಾಗುತ್ತಿತ್ತು. ಇದು ಲಕ್ಷ್ಮೇಶ್ವರ ಮುಟ್ಟಲೇಬೇಕು ಎಂದು ಹಟ ಹಿಡಿದೆ.

ಮೊದಲು ಉಷ್ಣತೆ ತೋರಿಸುವ ಒಂದು ತಂತ್ರಾಂಶ ಹಾಕಿದೆ. ಪರದೆಯ ಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ಅಂಕಿಯಲ್ಲಿ ಕಾಣತೊಡಗಿತು. ಅಪ್ಪನಿಗೆ ಅದು ಬಹಳ ಸೇರಿತು. ಬಸ್ಸಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿದ್ದ ಹಾಗೆ ಇಲ್ಲೂ ಒಂದು ಸಿಕ್ಕಿತಲ್ಲ ಎಂದು. ಕೆರೆಯ ಹತ್ತಿರ ತೊಂಬತ್ತೇಳು ತೋರಿಸಿತು.

"ನೀರ ಕುದಿಯಾಕ ಇನ್ನ ಮೂರು ಐತಿ," ಅಂದ ಅಪ್ಪ. ಯಂತ್ರ ಅಷ್ಟಕ್ಕೂ ಕಾಯಲಿಲ್ಲ.

ಆಮೇಲೆ ಚಿತ್ರದ ದರ್ಜೆ ಇಳಿಸಿದೆ. ಚಿತ್ರ ಎಷ್ಟು ಚೆಂದವಿದ್ದರೆ ಕಾರ್ಡಿಗೆ ಅಷ್ಟು ಹೆಚ್ಚು ದುಡಿತ. ಚೆಂದ ಕಡಿಮೆ ಮಾಡಿದರೆ ಬಿಸಿಯೂ ಕಡಿಮೆಯಾಗುತ್ತದೆ ಎಂದು ಓದಿದ್ದೆ. ನಿಜವಾಗಿಯೂ ಎರಡು ಡಿಗ್ರಿ ಇಳಿಯಿತು. ಬಸ್ಸು ಕೆರೆಯ ಅರ್ಧ ದಂಡೆಯ ತನಕ ಹೋಯಿತು. ಆದರೆ ಅಪ್ಪ ಎರಡನೇ ದಿನವೇ ಮುಖ ಗಂಟು ಹಾಕಿಕೊಂಡ. ರಸ್ತೆ ಬದಿಯ ಗಿಡ ಮಾಯವಾಗಿದ್ದವು. ಬಸ್ಸು ಹತ್ತಲು ನಿಂತ ಮಂದಿಯ ಮುಖ ಹಿಟ್ಟು ಮೆತ್ತಿದಂತೆ ಸಪಾಟಾಗಿದ್ದವು.

"ಮಂದಿಗೆ ಮಾರಿನಾ ಇಲ್ಲಲ್ಲವಾ," ಅಂದ. "ಮಾರಿ ಇಲ್ಲದವರನ್ನ ಹತ್ತಿಸಿಕೊಂಡು ನಾ ಎಲ್ಲಿಗೆ ಹೋಗಲಿ?"

ಮುಖಗಳನ್ನು ವಾಪಸು ತಂದೆ. ಆಮೇಲೆ ಕೌದಿಯ ಮೇಲೆ ಕಣ್ಣು ಹೋಯಿತು. ಅವ್ವ ಹಳೆಯ ಸೀರೆ, ಧೋತರದ ತುಂಡು ಕೂಡಿಸಿ ಲ್ಯಾಪ್‌ಟಾಪಿಗೆಂದೇ ಒಂದು ಚಿಕ್ಕ ಕೌದಿ ಹೊಲಿದಿದ್ದಳು. ಹುಟ್ಟಿದ ಕೂಸಿಗೆ ಹೊಲಿದ ಹಾಗೆ ನಾಲ್ಕೂ ಅಂಚಿಗೆ ಕೆಂಪು ಪಟ್ಟಿ ಬೇರೆ. ಅದರ ಮೇಲೆ ಮೆತ್ತಗೆ ಕೂತ ಯಂತ್ರಕ್ಕೆ ಕೆಳಗಿನ ಕಿಂಡಿಗಳಿಂದ ಗಾಳಿ ಎಳೆದುಕೊಳ್ಳಲು ಜಾಗವೇ ಇರಲಿಲ್ಲ. ನಾನು ಕೌದಿಯನ್ನು ಎಳೆದು ತೆಗೆದದ್ದಕ್ಕೆ ಅವ್ವ ಒಂದು ಹೊತ್ತು ಮಾತು ಬಿಟ್ಟಳು. ಅಪ್ಪ ಮಾತ್ರ ನನ್ನ ಪರ ನಿಂತ.

"ಗಾಡಿ ಕೆಳಗ ಹವಾ ಆಡಬೇಕು. ಜಾಕ್ ಹಚ್ಚು," ಅಂದ.

ಪಕ್ಕದ ನೇಕಾರರ ಮನೆಯಿಂದ ನೂಲು ಸುತ್ತುವ ನಾಲ್ಕು ಖಾಲಿ ಬಾಬಿನ್ ತಂದು ಲ್ಯಾಪ್‌ಟಾಪಿನ ನಾಲ್ಕು ಮೂಲೆಯ ಕೆಳಗೆ ಕೊಟ್ಟೆವು. ಟೇಬಲ್ ಫ್ಯಾನನ್ನು ಎದುರಿಗಿಟ್ಟೆವು. ಅದರ ಗಾಳಿಗೆ ಅಪ್ಪನ ಉಳಿದ ನಾಲ್ಕು ಕೂದಲು ಎದ್ದು ನಿಂತವೇ ಹೊರತು ಯಂತ್ರ ತೊಂಬತ್ತೈದರ ಕೆಳಗೆ ಇಳಿಯಲಿಲ್ಲ. ನಾನು ವಿಡಿಯೋ ನೋಡಿಕೊಂಡು ತಳದ ಸ್ಕ್ರೂ ಬಿಚ್ಚಲು ಹೋದೆ. ಒಂದು ಸ್ಕ್ರೂ ಹಾರಿ ಜೋಳದ ಡಬ್ಬಿಯ ಹಿಂದೆ ಎಲ್ಲೋ ಹೋಯಿತು. ಇನ್ನೊಂದರ ತಲೆ ಸವೆದು ಅಲ್ಲೇ ಕೂತಿತು. ಬೇಸಿಗೆಯನ್ನು ಬೈದೆ, ಮಾರಿದವನನ್ನು ಬೈದೆ, ಕರೆಂಟನ್ನು ಬೈದೆ. ಅಪ್ಪನನ್ನೂ, "ನೀ ಅದೇನ ಓಡಿಸ್ತಿ, ಅಷ್ಟು ಜೋರು?" ಎಂದು ಗದರಿದೆ. ಅವನು ನಲವತ್ತರ ಮೇಲೆ ಒಂದು ದಿನವೂ ಹೋದವನಲ್ಲ.

ಕೊನೆಗೆ ಗದಗಿನ ಸ್ಟೇಶನ್ ರಸ್ತೆಯ ಒಂದು ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಅಂಗಡಿಯವರು ನಲವತ್ತು ದಾಟಿದ ಮುಸಲ್ಮಾನರು, ಮೂಲ ಲಕ್ಷ್ಮೇಶ್ವರದವರು. ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಅವರ ಒಂಟಿ ಕಣ್ಣಿನ ಭೂತಗನ್ನಡಿಯನ್ನೇ ಇವರು ಈಗಲೂ ಕಣ್ಣಿಗೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು.

"ಕುಂಡ್ರಿ ಅಕ್ಕಾರ," ಎಂದು ಸ್ಟೂಲು ತೋರಿಸಿ, ಲ್ಯಾಪ್‌ಟಾಪನ್ನು ಬೋರಲು ಹಾಕಿದರು. "ವಿಡಿಯೋ ನೋಡಿ ಬಿಚ್ಚಾಕ ಹೋಗೀರಿ ಅನ್ನಸ್ತೈತಿ."

ಅವರು ಸವೆದ ಸ್ಕ್ರೂವನ್ನು ಹೇಗೋ ಒಲಿಸಿಕೊಂಡು ತಳ ತೆಗೆದರು. ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಬಗ್ಗಿದರು. ಆಮೇಲೆ ಚಿಮಟಿಗೆ ತೆಗೆದುಕೊಂಡು ಫ್ಯಾನಿನ ಪಕ್ಕದಿಂದ ಒಂದು ಸಣ್ಣ ಕಡ್ಡಿ ಎಳೆದು ಬಿಳಿ ಕಾಗದದ ಮೇಲಿಟ್ಟರು. ಇನ್ನೊಂದು ಎಳೆದರು. ಮತ್ತೊಂದು. ತುದಿ ಸುಟ್ಟ ಬಿದಿರಿನ ಕಡ್ಡಿಗಳು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಬಿಸಿ ಹೊರಗೆ ಹೋಗಲೆಂದು ಸಾಲಾಗಿ ನಿಂತಿರುವ ತಾಮ್ರದ ತೆಳು ಹಲ್ಲುಗಳು ಕಾಣುತ್ತಲೇ ಇರಲಿಲ್ಲ. ಅವುಗಳ ಮೇಲೆ ಬೂದಿ ಮತ್ತು ಕೌದಿಯ ನೂಲು ಸೇರಿ ಜಮಖಾನೆಯಂತೆ ಒಂದು ದಪ್ಪ ಹಾಸು ಕೂತಿತ್ತು. ಅಂಗಡಿಯೊಳಗೆಲ್ಲ ಮಲ್ಲಿಗೆ ಊದಿನಕಡ್ಡಿಯ ವಾಸನೆ ಎದ್ದಿತು.

"ಇದಕ್ಕ ಪೂಜಿ ಯಾರ್ ಮಾಡ್ತಾರ್ರಿ?" ಎಂದು ಕೇಳಿದರು.

ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. "ನಮ್ಮಪ್ಪ," ಅಂದೆ. ಅಪ್ಪ ಬೆಳಿಗ್ಗೆ ಗಾಡಿ ಹತ್ತುವ ಮೊದಲು ಒಂದು ಊದಿನಕಡ್ಡಿ ಹಚ್ಚಿ, ಸ್ಟೇರಿಂಗಿನ ಮುಂದಿನ ಹಲಗೆಯ ಸಂದಿಯಲ್ಲಿ ಸಿಕ್ಕಿಸಿ, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಡುತ್ತಿದ್ದ. ಎಲ್ಲ ಡ್ರೈವರರೂ ಮಾಡುವುದೇ ಅದು. ಲ್ಯಾಪ್‌ಟಾಪಿನ ಬದಿಗೆ ಬಿಸಿಗಾಳಿ ಹೊರಬರುವ ಕಿಂಡಿಗಳಿದ್ದವಲ್ಲ, ಒಂದೊಂದು ಕಿಂಡಿಯೂ ಒಂದೊಂದು ಊದಿನಕಡ್ಡಿಗೆ ಅಳತೆ ಹಿಡಿದು ಮಾಡಿದಂತಿತ್ತು. ನಾನು ಬೆಳಿಗ್ಗೆ ಸ್ಟುಡಿಯೋಕ್ಕೆ ಹೋದ ಮೇಲೆ ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮುಚ್ಚಿದ ಲ್ಯಾಪ್‌ಟಾಪಿಗೂ ಒಂದು ಗೆರೆ ವಿಭೂತಿ ಎಳೆದು, ಕಿಂಡಿಯಲ್ಲಿ ಕಡ್ಡಿ ಸಿಕ್ಕಿಸುತ್ತಿದ್ದ. ಬೂದಿ ಒಳಗೆ ಉದುರುತ್ತಿತ್ತು. ಕಡ್ಡಿಯ ಬುಡ ಮುರಿದು ಒಳಗೇ ಉಳಿಯುತ್ತಿತ್ತು. ಸಂಜೆ ಬಸ್ಸು ಹೊರಟಾಗ ಫ್ಯಾನು ಆ ಬೂದಿಯಲ್ಲೇ ಹೊರಳಾಡುತ್ತಿತ್ತು.

ಅಂಗಡಿಯವರು ನಗಲಿಲ್ಲ. ಕುಂಚದಿಂದ ಸಾವಕಾಶ ಒರೆಸುತ್ತ, "ಅಂಗಡ್ಯಾಗ ನಾನೂ ದಿನಾ ಲೋಬಾನದ ಹೊಗಿ ಹಾಕತೀನ್ರಿ. ಆದ್ರ ಹೊಸ್ತಿಲದಾಗ," ಅಂದರು. ಗ್ರಾಫಿಕ್ಸ್ ಚಿಪ್ಪಿನಿಂದ ತಾಮ್ರಕ್ಕೆ ಬಿಸಿ ದಾಟಿಸುವ ಪೇಸ್ಟು ಒಣಗಿ ಹಕ್ಕಳೆ ಎದ್ದಿತ್ತು. ಅದನ್ನು ಕೆರೆದು ಹೊಸದು ಹಚ್ಚಿದರು. ಕಳೆದುಹೋದ ಸ್ಕ್ರೂವಿನ ಜಾಗಕ್ಕೆ ತಮ್ಮ ಡಬ್ಬಿಯಿಂದ ಒಂದು ಹುಡುಕಿ ಹಾಕಿದರು. ಕಡ್ಡಿಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡಿ ಎಂದು ನಾನೇ ಕೇಳಿದೆ. ಅವರು ನನ್ನ ಮುಖ ನೋಡಿ, "ಹಿರೇರಿಗೆ ಏನೂ ಅನ್ನಬ್ಯಾಡ್ರಿ ಅಕ್ಕಾರ," ಅಂದರು.

ಆ ಮಾತು ಕೇಳಿದ್ದರೆ ಚೆನ್ನಾಗಿತ್ತು. ಬೆಟಗೇರಿ ಮುಟ್ಟುವ ತನಕ ಟಂಟಂ ರಿಕ್ಷಾದಲ್ಲಿ ಕೂತು ಏನೇನು ಅನ್ನಬೇಕೋ ಅದನ್ನೆಲ್ಲ ಒಂದಕ್ಕೊಂದು ಜೋಡಿಸಿಕೊಂಡೇ ಬಂದೆ. ಅಪ್ಪ ಚಹಾ ಕುಡಿದು ತಯಾರಾಗಿ ಕೂತಿದ್ದ. "ಗಾಡಿ ಬಂತೇನವಾ?" ಎಂದು ಕೇಳಿದ. ನಾನು ಲ್ಯಾಪ್‌ಟಾಪನ್ನು ಕೆಳಗಿಟ್ಟು, ಅವನ ಮುಂದೆ ಪೊಟ್ಟಣ ಬಿಚ್ಚಿದೆ.

"ಗಾಡಿ ಬಗ್ಗೆ ನಿಂಗೆಲ್ಲಾ ಗೊತ್ತೈತಲ್ಲ? ಇದೊಂದು ಗೊತ್ತಾಗಲಿಲ್ಲೇನು?" ಅಂದೆ. "ನೀನಾ ಕೆಡಿಸಿ, ನೀನಾ ಮಾಗಡಿ ಬಂತು ಅಂತ ಕುಂಡ್ರತಿದ್ದಿ."

ಅಪ್ಪ ಒಂದು ಕಡ್ಡಿಯನ್ನು ಎತ್ತಿ ಮೂಸಿದ. ಸುಟ್ಟ ತುದಿಯನ್ನು ಬೆರಳಿಂದ ಮುಟ್ಟಿ ನೋಡಿದ. ಮೂವತ್ತು ವರ್ಷದಲ್ಲಿ ಒಂದು ಸಲವೂ ರೇಡಿಯೇಟರಿನ ನೀರು ಒಣಗಿಸದವನು, ಕ್ಲಚ್ಚಿನ ಮೇಲೆ ಸುಮ್ಮನೆ ಕಾಲಿಡುವವರನ್ನು ಕಂಡರೆ ಉರಿದುಬೀಳುತ್ತಿದ್ದವನು. "ನಾನಾ ಅದರ ಉಸಿರು ಕಟ್ಟಿಸೀನಿ," ಅಂದ. ಅಷ್ಟೇ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮರುದಿನ ನಾಲ್ಕರ ಚಹಾ ಆಯಿತು, ಅವನು ಏಳಲಿಲ್ಲ. ಅದರ ಮರುದಿನವೂ ಇಲ್ಲ. ಯಂತ್ರ ಈಗ ಸರಿಯಾಗಿದೆ, ನಾನು ಮದುವೆಯ ವಿಡಿಯೋ ಒಂದು ತಾಸು ಓಡಿಸಿ ನೋಡಿದ್ದೇನೆ, ಬಿಸಿ ಎಂಬತ್ತನ್ನೂ ದಾಟಲಿಲ್ಲ ಎಂದು ಹೇಳಿದೆ. "ಒಲ್ಲೆ. ಗಾಡಿ ಕೆಡಿಸೋ ಡ್ರೈವರ್ ಕೈಯಾಗ ಯಾರೂ ಗಾಡಿ ಕೊಡಬಾರದು," ಅಂದ. ಎಡಗೈ ಮತ್ತೆ ಮೊದಲಿನ ಹಾಗೆ ತೊಡೆಯ ಮೇಲೆ ಸುಮ್ಮನೆ ಬಿದ್ದಿರತೊಡಗಿತು. ವ್ಯಾಯಾಮದ ಬಾಯಾರು ಬಂದು ನೋಡಿ ನನ್ನನ್ನು ಹೊರಗೆ ಕರೆದು, ಏನಾಯಿತು ಎಂದು ಕೇಳಿದರು. ಏನಂತ ಹೇಳಲಿ? ಒಂದು ಚಿಪ್ಪನ್ನು ತಣ್ಣಗೆ ಮಾಡಿಸಿಕೊಂಡು ಬಂದ ದಿನವೇ ನನ್ನ ಬಾಯಿಂದ ಅಪ್ಪನನ್ನು ನಂದಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಕಡ್ಡಿ ಅಲ್ಲೆ ಸಿಗಸ್ತಾನ ಅಂತ ನಂಗ ಗೊತ್ತಿತ್ತು," ಅಂದಳು ತಲೆಯೆತ್ತದೆ.

"ಗೊತ್ತಿದ್ರ ಯಾಕ ಹೇಳಲಿಲ್ಲ?"

ಅವ್ವ ಒಂದು ಕಲ್ಲು ಆರಿಸಿ ಬದಿಗಿಟ್ಟಳು. "ಅವತ್ತು ಮನ್ಯಾಗ ಊದಿನಕಡ್ಡಿ ತೀರಿದ್ವು. ತರೂದು ನಾ ಮರತಿದ್ದೆ. ಇಲ್ಲ ಅಂದೆ. ಇರ್ಲಿ ಬಿಡು ಅಂತ ಹಂಗ ಗಾಡಿ ಹತ್ತಿದ್ರು. ಅವತ್ತ ಮಾಗಡಿ ಹತ್ರ ಹಿಂಗಾತು. ಒಂದು ದಿನಾನೂ ನನ್ನ ಅನ್ನಲಿಲ್ಲ ಅವರು. ನಾ ಹೆಂಗ ಬ್ಯಾಡ ಅನ್ನಲಿ?"

ಬೂದಿಯ ಹಾಸಿನಡಿ ಇಂಥದ್ದೊಂದು ಇದೆ ಎಂದು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ರಕ್ತನಾಳದ ತೊಂದರೆಗೂ ಊದಿನಕಡ್ಡಿಗೂ ಏನು ಸಂಬಂಧ ಎಂದು ವಾದ ಮಾಡಲು ನನಗೆ ಬಾಯಿ ಬರಲಿಲ್ಲ. ಅವಳ ಕೈಯಿಂದ ಮೊರ ತೆಗೆದುಕೊಂಡು ಉಳಿದ ಅಕ್ಕಿಯನ್ನು ನಾನು ಆರಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಸಂಜೆ ಚಹಾದ ಹೊತ್ತಿಗೆ ಅವ್ವ ಇಳಕಲ್ ಸೀರೆ ಉಟ್ಟು, ಬಟ್ಟೆಯ ಕೈಚೀಲ ಹಿಡಿದುಕೊಂಡು ಹೊರಗಿನ ಕೋಣೆಗೆ ಬಂದಳು. ಚೀಲದೊಳಗೆ ಏನೋ ಇತ್ತು, ಉಬ್ಬಿಕೊಂಡಿತ್ತು. ಬಂದವಳು ಮಲಗಿದ್ದ ಅಪ್ಪನ ಕಾಲ ಕಡೆ ನಿಂತು, "ಏಳ್ರಿ. ನಾ ಲಕ್ಷ್ಮೇಶ್ವರಕ್ಕ ಹೋಗಬೇಕು," ಅಂದಳು.

ಲಕ್ಷ್ಮೇಶ್ವರ ಅವ್ವನ ತವರೂರು. ಮದುವೆಯಾಗಿ ಬಂದಾಗಿನಿಂದ ಅವಳು ತವರಿಗೆ ಹೋದದ್ದೆಲ್ಲ ಬೇರೆ ಬೇರೆ ಡ್ರೈವರರ ಬಸ್ಸಿನಲ್ಲಿ. ಅಪ್ಪ ಅದೇ ದಾರಿಯಲ್ಲಿ ದಿನಾ ಹೋಗುತ್ತಿದ್ದರೂ ಅವನ ಬಸ್ಸನ್ನು ಅವಳು ಒಂದು ದಿನವೂ ಹತ್ತಲಿಲ್ಲ, ಅವನು ಹತ್ತಿಸಲಿಲ್ಲ. ಮನೆಯವರು ಹಿಂದೆ ಕೂತರೆ ಡ್ರೈವರನ ಗಮನ ಹಿಂದೆ ಹೋಗುತ್ತದೆ ಎನ್ನುವುದು ಅವನ ಕಟ್ಟುನಿಟ್ಟು. ನಾನು ಚಿಕ್ಕವಳಿದ್ದಾಗ ನಾವಿಬ್ಬರೂ ಸ್ಟ್ಯಾಂಡಿನಲ್ಲಿ ಅಪ್ಪನ ಬಸ್ಸು ಹೊರಡುವುದನ್ನು ನೋಡಿ, ಅದರ ಹಿಂದಿನ ಬಸ್ಸು ಹತ್ತುತ್ತಿದ್ದೆವು.

"ಹುಚ್ಚು ಹಿಡದೈತೇನು ನಿಂಗ?" ಅಂದ ಅಪ್ಪ.

"ಡ್ಯೂಟಿ ಮುಗಿದೈತಿ. ಆ ಕಾಯ್ದೆ ಈಗ ನಡಿಯಂಗಿಲ್ಲ. ಏಳ್ರಿ, ಗಾಡಿ ಹೊತ್ತಾತು."

ಅಪ್ಪ ಬಹಳ ಹೊತ್ತು ಅವಳನ್ನೇ ನೋಡಿದ. ಉಟ್ಟ ಸೀರೆ, ಹಿಡಿದ ಚೀಲ, ಕಾಲಲ್ಲಿ ಚಪ್ಪಲಿ ಬೇರೆ. ಮನೆಯೊಳಗೆ ಅವ್ವ ಚಪ್ಪಲಿ ಹಾಕಿದ್ದನ್ನು ನಾನು ಅವತ್ತೇ ನೋಡಿದ್ದು. ಅವನು ಎದ್ದ. ಅವ್ವ ಚೀಲದಿಂದ ಊದಿನಕಡ್ಡಿಯ ಹೊಸ ಪೊಟ್ಟಣ ತೆಗೆದು ಅವನ ಕೈಗೆ ಕೊಟ್ಟಳು.

ಅಪ್ಪ ಲ್ಯಾಪ್‌ಟಾಪಿನ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದ. ಆ ನೋಟ ನನಗೆ ಚುಚ್ಚಿತು. ನಾನು ಎದ್ದು ಹೊಸ್ತಿಲ ಹತ್ತಿರ ಒಂದು ಲೋಟದಲ್ಲಿ ಅಕ್ಕಿ ತುಂಬಿಟ್ಟು, "ಇಲ್ಲೆ ಸಿಗಸಪಾ. ಇಲ್ಲಿಂದನ ಗಾಡಿ ಹೊರಡ್ತೈತಿ ಅಂತ ತಿಳಕೋ," ಅಂದೆ. ತಪ್ಪಾಯಿತು ಎನ್ನಲು ನನಗೆ ಬಂದದ್ದು ಆ ರೀತಿ ಮಾತ್ರ. ಅವನು ಕಡ್ಡಿ ಹಚ್ಚಿ ಅಕ್ಕಿಯಲ್ಲಿ ಸಿಕ್ಕಿಸಿದ. ಬಂದು ಕೂತು, ಕೀಬೋರ್ಡಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವ್ವ ಅವನ ಎಡಕ್ಕೆ ಒಂದು ಕುರ್ಚಿ ಎಳೆದುಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಗದಗ ಬಿಟ್ಟಿತು. ಅವ್ವ ರಸ್ತೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ತಿರುವು ಬಂದಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಹಾಲಿನ ಕ್ಯಾನಿನ ನಿಲ್ದಾಣದಲ್ಲಿ ಅಪ್ಪ ಬಾಗಿಲು ತೆಗೆದ. ಅವ್ವ, "ಯಾರೂ ಇಲ್ಲಲ್ರಿ?" ಅಂದಳು. "ಸುಮ್ಮಕುಂಡ್ರು, ಡ್ರೈವರ್ ಸಂಗಾಟ ಮಾತಾಡಬಾರದು," ಅಂದ. ಅವಳು ಬಾಯಿ ಮುಚ್ಚಿಕೊಂಡಳು, ಆದರೆ ತುಟಿಯಲ್ಲಿ ನಗು ನಿಲ್ಲಲಿಲ್ಲ.

ನಾನು ಮೂಲೆಯ ಅಂಕಿ ನೋಡುತ್ತಿದ್ದೆ. ಅರವತ್ತೆಂಟು, ಎಪ್ಪತ್ತು, ಎಪ್ಪತ್ತೆರಡು. ಹೆಸರಿಲ್ಲದ ಎರಡು ಕೆರೆಗಳು ದಾಟಿದವು. ಮೂರನೆಯದು ಎಡಕ್ಕೆ ಕಾಣಿಸಿಕೊಂಡಾಗ ಅಪ್ಪನ ಬೆನ್ನು ಬಿಗಿಯಾಯಿತು. ವೇಗ ಇಳಿಸಿದ. ಮೂವತ್ತು, ಇಪ್ಪತ್ತು. ಯಂತ್ರ ನಿಲ್ಲುವ ಮೊದಲೇ ಇವನೇ ನಿಲ್ಲಿಸಿಬಿಡುತ್ತಾನೆ ಎಂದು ನನಗೆ ಭಯವಾಯಿತು. ಎಪ್ಪತ್ತಾರು. ಫ್ಯಾನು ಒಂದೇ ಸಮನೆ ಓಡುತ್ತಿತ್ತು, ಕಿರುಚಲಿಲ್ಲ. ಅವ್ವ ಬಲಗೈ ಚಾಚಿ ಅವನ ಎಡಗೈಯ ಮಣಿಕಟ್ಟಿನ ಮೇಲೆ, ಭಾರ ಬಿಡದೆ, ಇಟ್ಟಳು. ಅಪ್ಪನ ಎಡಗೈ ಬೆರಳು ಗೇರಿನ ಕೀ ಒತ್ತಿತು. ದಂಡೆ ಹಿಂದೆ ಸರಿಯಿತು, ಕೆಂಪು ಹೆಂಚಿನ ಮನೆಗಳು ಹಿಂದೆ ಸರಿದವು. ನಾವು ಮೂವರೂ ಯಾವತ್ತೂ ನೋಡಿರದ ರಸ್ತೆ ಮುಂದೆ ಬಂತು.

"ದಾಟಿತಲ್ರಿ," ಅಂದಳು ಅವ್ವ.

ಅಪ್ಪನ ಕೆನ್ನೆ ಒದ್ದೆಯಾಗಿತ್ತು. ಎರಡೂ ಕೈ ಕೆಲಸದ ಮೇಲಿದ್ದುದರಿಂದ ಒರೆಸಿಕೊಳ್ಳಲಿಲ್ಲ. ಗಡಿಯಾರದ ಗೋಪುರದ ಶಿರಹಟ್ಟಿ ಬಂತು. ಇಷ್ಟು ದಿನ ಅದನ್ನು ಅವನು ನಕ್ಷೆಯ ಮೇಲಷ್ಟೇ ನೋಡಿದ್ದ. ಎರಡು ನಿಮಿಷ ನಿಲ್ಲಿಸಿ, ಮುಖವಿದ್ದ ಮಂದಿಯನ್ನು ಇಳಿಸಿ, ಹತ್ತಿಸಿಕೊಂಡು ಹೊರಟ. ಕೊನೆಯ ಸ್ಟ್ಯಾಂಡಿನೊಳಗೆ ಬಸ್ಸನ್ನು ಎರಡು ಗೆರೆಗಳ ನಡುವೆ ಒಂದು ಗೇಣೂ ಆಚೀಚೆಯಾಗದಂತೆ ತಂದು ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಹಾಕಿದ. ಕಿರುಬೆರಳಿನಿಂದ ಬಾಗಿಲು ತೆಗೆದ.

"ಮುಟ್ಟಿಸಿದೆ," ಅಂದ, ತನಗೆ ತಾನೇ. ಆಮೇಲೆ ಅವ್ವನ ಕಡೆ ತಿರುಗಿ, ಬಸ್ಸಿನಲ್ಲಿ ಮಂದಿಗೆ ಹೇಳುವ ಧ್ವನಿಯಲ್ಲಿ, "ಲಕ್ಷ್ಮೇಶ್ವರ ಬಂತು, ಇಳೀರಿ," ಅಂದ.

ಅವ್ವ ತವರೂರು ಬಂದಾಗ ಮಾಡುವ ಹಾಗೆ ಸೆರಗು ಸರಿಮಾಡಿಕೊಂಡಳು. ಚೀಲ ಹಿಡಿದುಕೊಂಡಳು. ಆದರೆ ಏಳಲಿಲ್ಲ.

"ಇಳಿದು ಏನ್ ಮಾಡ್ಲಿ? ಅಲ್ಲೆ ನನ್ನವರು ಯಾರ್ ಉಳದಾರ?" ಅಂದಳು. "ಇಷ್ಟ ವರ್ಷಕ್ಕ ನಿಮ್ಮ ಗಾಡಿ ಹತ್ತೀನಿ, ಇಳಿಯಂಗಿಲ್ಲ. ಹೊಳ್ಳಿ ಮನಿಗೆ ನಡೀರಿ."

ಅಪ್ಪ ಮೂಲೆಯ ಅಂಕಿ ನೋಡಿದ. ಎಪ್ಪತ್ತೇಳು ಇತ್ತು.

"ಹತ್ತು ನಿಮಿಷ ಗಾಡಿ ತಣ್ಣಗಾಗ್ಲಿ," ಅಂದ. "ಚಾ ಕುಡದು ಹೊಳ್ಳೂಣು."

ನಾನು ಎದ್ದು ಮತ್ತೊಮ್ಮೆ ಚಹಾಕ್ಕೆ ನೀರಿಟ್ಟೆ.